ಮುಂಬಯಿಯ ಒಂದು ಕನ್ನಡ ಮಾಸ್ಟೊಡಾನ್ ಸರ್ವರ್: ಚಂದಾದಾರನೊಬ್ಬನ ವಿಮರ್ಶೆ

ಮುಂಬಯಿ ಮತ್ತು ಪುಣೆಯ ಕೆಲವು ಕನ್ನಡಿಗರು ಸೇರಿ ನಡೆಸುತ್ತಿರುವ, ವಾಸ್ಕೊ ಕಡೆಯ ಒಂದಿಷ್ಟು ಗೋವಾ ಕನ್ನಡಿಗರೂ ಸದಸ್ಯರಾಗಿರುವ ಒಂದು ಪುಟ್ಟ ಸಾಮಾಜಿಕ ಜಾಲತಾಣಕ್ಕೆ ನಾನು ವರ್ಷಕ್ಕೆ 1,200 ರೂಪಾಯಿ ಚಂದಾ ಕೊಡುತ್ತೇನೆ. ವಿದ್ಯಾರ್ಥಿಗಳಿಗೆ 300 ರೂಪಾಯಿ, ಕೊಡಲಾಗದವರಿಗೆ ಕಾರಣ ಕೇಳದೆ ಮಾಫಿ. ಮಾಸ್ಟೊಡಾನ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಡೆಯುವ ಈ ಸರ್ವರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ನಡೆಸುವವರೇ ಬೇಡವೆಂದಿದ್ದಾರೆ. ಸದಸ್ಯರ ಸಂಖ್ಯೆ ತಮ್ಮ ಮಾಡರೇಟರ್‌ಗಳ, ಅಂದರೆ ದೂರು ನೋಡಿ ಕ್ರಮ ಕೈಗೊಳ್ಳುವವರ, ಕೈಮೀರಿ ಬೆಳೆಯಬಾರದೆಂಬುದು ಅವರ ನಿಲುವು. ಹಾಗಿದ್ದರೂ ವಿಮರ್ಶೆ ಬರೆಯುವುದಕ್ಕೆ ಕಾರಣವಿದೆ: ಇಂತಹ ಯಾವ ಸರ್ವರಿಗೆ ಸೇರುವವರೂ ಕೇಳಬೇಕಾದ ಪ್ರಶ್ನೆಗಳು ಒಂದೇ, ಮತ್ತು ಅವುಗಳಲ್ಲಿ ಮೊದಲನೆಯದನ್ನು, ಅಂದರೆ ಇಲ್ಲಿ ದೂರು ಓದುವವರು ಯಾರು, ಅವರ ಖರ್ಚನ್ನು ಭರಿಸುವವರು ಯಾರು ಎಂಬುದನ್ನು ಹೆಚ್ಚಿನವರು ಕೇಳುವುದೇ ಇಲ್ಲ.

ಮಾಸ್ಟೊಡಾನ್ ಹೊಸದೇನಲ್ಲ. ಜರ್ಮನಿಯ ಯೂಜೆನ್ ರೊಚ್ಕೊ ಅದನ್ನು 2016ರಲ್ಲಿ ಹೊರತಂದರು. ಬೇರೆ ಬೇರೆ ಸರ್ವರುಗಳು ಪರಸ್ಪರ ಮಾತಾಡಿಕೊಳ್ಳಲು ಬಳಸುವ ಆಕ್ಟಿವಿಟಿಪಬ್ ಎಂಬ ಒಡಂಬಡಿಕೆಯನ್ನು ವೆಬ್ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ 2018ರ ಜನವರಿಯಲ್ಲಿ ಅಂಗೀಕರಿಸಿತು. ನಮ್ಮ ದೇಶದಲ್ಲಿ ಮಾಸ್ಟೊಡಾನಿನ ಹೆಸರು ಕಿವಿಗೆ ಬಿದ್ದದ್ದು 2019ರ ನವೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತುಗೊಳಿಸಿದಾಗ. ಆಗ ಟ್ವಿಟರ್ ಬಿಟ್ಟು ಇಲ್ಲಿಗೆ ಬಂದವರಲ್ಲಿ ಬಹುಪಾಲು ಜನ ತಿಂಗಳೊಪ್ಪತ್ತಿನಲ್ಲಿ ಹಿಂದಿರುಗಿದರು. 2022ರ ಅಕ್ಟೋಬರಿನಲ್ಲಿ ಟ್ವಿಟರ್ ಎಲಾನ್ ಮಸ್ಕ್ ಅವರ ಕೈಸೇರಿದ ಮೇಲೆ ಎರಡನೆಯ ಅಲೆ ಬಂತು. ಅದರಲ್ಲಿ ಬಂದವರು ಕೆಲವರಾದರೂ ಉಳಿದರು. ನಾನು ಸೇರಿದ ಸರ್ವರ್ ಈ ಎರಡನೆಯ ಅಲೆಯ ಸಂತಾನ.

ಈ ವ್ಯವಸ್ಥೆಯಲ್ಲಿ ಕೇಂದ್ರ ಕಚೇರಿ ಎಂಬುದಿಲ್ಲ. ಪ್ರತಿಯೊಂದು ಸರ್ವರಿಗೂ ಅದರದೇ ನಿಯಮ, ಅದರದೇ ಮಾಡರೇಟರ್‌ಗಳು, ಅದರದೇ ಖರ್ಚು. ದೊಡ್ಡ ಕಂಪನಿಗಳ ತಾಣದಲ್ಲಿ ದೂರು ಕೊಟ್ಟರೆ ಅದು ಎಲ್ಲೋ ಸಂಬಳಕ್ಕಿರುವ ಯಾರದೋ ಮೇಜಿಗೆ, ಅಥವಾ ಯಂತ್ರದ ಮುಂದೆ ಹೋಗುತ್ತದೆ. ಜಾಹೀರಾತಿನ ಹಣದಲ್ಲಿ ಅದರ ವೆಚ್ಚ ಹೇಗೋ ಸಂದಾಯವಾಗಿರುತ್ತದೆ. ವಿಕೇಂದ್ರೀಕೃತ ಜಾಲದಲ್ಲಿ ಜಾಹೀರಾತಿಲ್ಲ. ಆದ್ದರಿಂದ ಆ ವೆಚ್ಚ ಯಾರದೋ ಬಿಡುವಿನ ವೇಳೆಯಿಂದ, ನಿದ್ದೆಯಿಂದ ಕಡಿತವಾಗುತ್ತಿರುತ್ತದೆ. ಅದು ಯಾವ ಲೆಕ್ಕಪತ್ರದಲ್ಲೂ ಕಾಣಿಸುವುದಿಲ್ಲ.

ಬ್ಯಾಂಕಿನ ಕೆಲಸದಲ್ಲಿ ಆಯುಷ್ಯ ಕಳೆದವನಾದ್ದರಿಂದ ಸೇರುವ ಮೊದಲು ನಾನು ಓದಿದ್ದು ಇವರ ನಿಯಮಾವಳಿಯನ್ನಲ್ಲ, ಜಮಾಖರ್ಚನ್ನು. ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ಅಡಿಯಲ್ಲಿ ನೋಂದಣಿ ಮಾಡಿಸಿಕೊಂಡಿರುವ ಟ್ರಸ್ಟೊಂದು ಈ ಸರ್ವರನ್ನು ನಡೆಸುವುದರಿಂದ ಲೆಕ್ಕ ಪರಿಶೋಧನೆ ತಪ್ಪಿಸಿಕೊಳ್ಳುವಂತಿಲ್ಲ. ಆ ಲೆಕ್ಕವನ್ನು ಸದಸ್ಯರೆಲ್ಲರಿಗೂ ತೋರಿಸುತ್ತಾರೆ. ಅದರಲ್ಲಿ ಹೋಸ್ಟಿಂಗ್ ಬಾಡಿಗೆ, ಬ್ಯಾಕಪ್, ಡೊಮೇನ್ ಶುಲ್ಕ ಎಲ್ಲವೂ ಸೇರಿ ಒಟ್ಟು ಖರ್ಚಿನ ಅರ್ಧಕ್ಕಿಂತ ಕಡಿಮೆ. ಅರ್ಧಕ್ಕಿಂತ ಹೆಚ್ಚು ಹೋಗುವುದು ‘ಮೇಲ್ವಿಚಾರಣೆ’ ಎಂಬ ಶೀರ್ಷಿಕೆಗೆ: ಸರದಿಯ ಮೇಲೆ ದೂರುಗಳನ್ನು ನೋಡುವವರಿಗೆ ತಿಂಗಳ ಗೌರವಧನ, ರಾತ್ರಿ ಸರದಿಗೆ ಹೆಚ್ಚುವರಿ ಭತ್ಯೆ, ವರ್ಷಕ್ಕೊಮ್ಮೆ ಕಾನೂನು ಸಲಹೆ, ಮತ್ತು ಬೇಕೆನಿಸಿದ ಮಾಡರೇಟರ್ ಆಪ್ತಸಮಾಲೋಚಕರನ್ನು ಕಾಣಲು ತೆಗೆದಿಟ್ಟ ಸಣ್ಣ ಮೊತ್ತ. ಗೌರವಧನ ಸಂಬಳವೆನ್ನುವಷ್ಟಿಲ್ಲ, ಮೊಬೈಲ್ ಬಿಲ್ಲು ಮತ್ತು ಲೋಕಲ್ ರೈಲಿನ ಪಾಸಿನ ಮೇಲೆ ಒಂದಿಷ್ಟು ಉಳಿಯಬಹುದು. ಆದರೂ ಅದು ಖರ್ಚಿನ ಪಟ್ಟಿಯಲ್ಲಿ ಮೊದಲನೆಯ ಸಾಲಿನಲ್ಲಿದೆ. ನಾನು ಚಂದಾ ಕಟ್ಟಿದ್ದು ಆ ಒಂದು ಸಾಲನ್ನು ನೋಡಿ.

ಮುಂಬಯಿಯ ಸಂಘ-ಸಂಸ್ಥೆಗಳ ಒಡನಾಟವಿರುವ ಯಾರಿಗೂ ಇದರ ವಿಶೇಷ ಅರ್ಥವಾದೀತು. ಸಭಾಗೃಹಕ್ಕೆ ಅಮೃತಶಿಲೆ ಹಾಕಿಸಲು, ವೇದಿಕೆಗೆ ತಂದೆಯ ಹೆಸರು ಇಡಿಸಲು ದಾನಿಗಳು ಸಾಲುಗಟ್ಟುತ್ತಾರೆ. ರಾತ್ರಿ ಕಾವಲುಗಾರನ ಸಂಬಳಕ್ಕೆ ವಂತಿಗೆ ಕೇಳಿದರೆ ಕಾರ್ಯಕಾರಿ ಸಮಿತಿಯೇ ಕಿಟಕಿಯಾಚೆ ನೋಡುತ್ತದೆ. ಜಾಲದಲ್ಲೂ ಇದೇ ನಡೆದಿದೆ. ಹೊಸ ಸರ್ವರ್ ಸ್ಥಾಪಿಸಲು, ಹೊಸ ಆ್ಯಪ್ ಬರೆಯಲು ಹಣ ಹೇಗೋ ಹೊಂದುತ್ತದೆ, ದಿನನಿತ್ಯದ ಕಾವಲಿಗೆ ಹೊಂದುವುದಿಲ್ಲ.

ಇದಕ್ಕೆ ಐಎಫ್‌ಟಿಎಎಸ್ ಎಂಬ ಲಾಭರಹಿತ ಸಂಸ್ಥೆಯ ಕಥೆಗಿಂತ ಸ್ಪಷ್ಟ ನಿದರ್ಶನ ನನಗೆ ಗೊತ್ತಿಲ್ಲ. ವಿಕೇಂದ್ರೀಕೃತ ಜಾಲಗಳ ಸ್ವಯಂಸೇವಕ ಮಾಡರೇಟರ್‌ಗಳಿಗೆ ನೆರವಾಗುವುದಷ್ಟೇ ಅದರ ಉದ್ದೇಶ. ಮಾಡರೇಟರ್‌ಗಳಿಗೆ ಏನು ಬೇಕೆಂದು ಅವರನ್ನೇ ಕೇಳಿ ಸಮೀಕ್ಷೆಗಳನ್ನು ನಡೆಸಿತು. ಅಪಾಯಕಾರಿ ಸರ್ವರುಗಳ ಪಟ್ಟಿಯನ್ನು ಚಿಕ್ಕ ಸರ್ವರಿನವರೂ ಬಳಸಬಹುದಾದಂತೆ ಫೆಡಿಚೆಕ್ ಎಂಬ ಸೇವೆ ಆರಂಭಿಸಿತು. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಗುರುತಿಸಿ, ವರದಿ ಮಾಡುವ ವ್ಯವಸ್ಥೆಯನ್ನು ಸ್ವಂತ ಸಾಮರ್ಥ್ಯವಿಲ್ಲದ ಸರ್ವರುಗಳ ಪರವಾಗಿ ನಡೆಸತೊಡಗಿತು. ಎಲ್ಲರೂ ಹೊಗಳಿದರು. 2025ರ ಆರಂಭದಲ್ಲಿ ಹಣ ಮುಗಿಯಿತು, ಈ ಸೇವೆಗಳು ನಿಂತವು. ಅದೇ ವರ್ಷದ ಫೆಬ್ರವರಿಯಲ್ಲಿ ಪ್ಯಾರಿಸಿನ ಎಐ ಶೃಂಗಸಭೆಯಲ್ಲಿ ರೂಸ್ಟ್ ಎಂಬ ಮತ್ತೊಂದು ಉಪಕ್ರಮ ಘೋಷಣೆಯಾಯಿತು. ಗೂಗಲ್, ಓಪನ್‌ಎಐ, ಡಿಸ್ಕಾರ್ಡ್, ರೋಬ್ಲಾಕ್ಸ್ ಮೊದಲಾದವರ ಬೆಂಬಲದಿಂದ ಅದಕ್ಕೆ 2.7 ಕೋಟಿ ಡಾಲರಿಗೂ ಹೆಚ್ಚು ಹಣ ಸೇರಿತ್ತು. ಸುರಕ್ಷತೆಯ ಉಪಕರಣಗಳನ್ನು ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ಕೊಡುವುದು ಅದರ ಗುರಿ, ಅದು ಒಳ್ಳೆಯದೇ. ಆದರೆ ಉಪಕರಣ ತೋರಿಸಿದ್ದನ್ನು ಕೊನೆಗೆ ಕಣ್ಣಾರೆ ನೋಡಿ ತೀರ್ಮಾನಿಸುವವರು ಡೊಂಬಿವಲಿಯ ಒಂದು ಫ್ಲಾಟಿನಲ್ಲಿ ಊಟ ಮುಗಿಸಿ ಕುಳಿತವರೇ ಆಗಿದ್ದರೆ ಅವರಿಗೆ ಆ ಹಣ ತಲುಪುವ ದಾರಿ ಯಾವುದೂ ಇಲ್ಲ.

ಇನ್ನು ಸೇವೆಯ ಅನುಭವಕ್ಕೆ ಬರೋಣ. ಇಲ್ಲಿಯ ಮೇಲ್ವಿಚಾರಣೆಯ ನಿಜವಾದ ಪರೀಕ್ಷೆ ನಡೆಯುವುದು ನವೆಂಬರ್ 1ರ ಆಸುಪಾಸಿನಲ್ಲಿ. ಅಂದು ನಮ್ಮ ಸಂಘಗಳು ರಾಜ್ಯೋತ್ಸವ ಆಚರಿಸುವಾಗ ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಕರಾಳ ದಿನ ಆಚರಿಸುತ್ತಾರೆ. ಗಡಿ ವಿವಾದ 2004ರಿಂದ ಸುಪ್ರೀಂ ಕೋರ್ಟಿನ ಮುಂದಿದೆ, ಜಾಲತಾಣಗಳಲ್ಲಿ ಮಾತ್ರ ಅದು ಪ್ರತಿವರ್ಷ ಹೊಸದಾಗಿ ಇತ್ಯರ್ಥವಾಗುತ್ತದೆ. ಬೆಂಗಳೂರಿನಲ್ಲಿ ಕುಳಿತು ಮರಾಠಿಗರನ್ನು ಹೀಯಾಳಿಸಿ ಬರೆದ ಒಂದು ಸಾಲು ಅಲ್ಲಿಯ ಓದುಗನಿಗೆ ಹುಡುಗಾಟವಾಗಿ ಕಂಡೀತು. ಅದೇ ಸಾಲು ಒಂದು ಸರ್ವರಿನಿಂದ ಇನ್ನೊಂದಕ್ಕೆ ಹಾದು, ಮುಂಬಯಿಯ ಕನ್ನಡಿಗನ ಹೆಸರಿನ ಕೆಳಗೆ ಹಂಚಿಕೆಯಾಗಿ, ಅವನ ಹೌಸಿಂಗ್ ಸೊಸೈಟಿಯ ಮರಾಠಿ ನೆರೆಯವರ ಮೊಬೈಲಿಗೆ ತಲುಪಿದರೆ ಅದರ ತೂಕವೇ ಬೇರೆ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದುದನ್ನು ಹಿರಿಯರ ಬಾಯಲ್ಲಿ ಕೇಳಿ ಬೆಳೆದ ಮನೆಗಳು ಇಲ್ಲಿವೆ. ಅದಕ್ಕಾಗಿಯೇ ಕನ್ನಡ ಬಲ್ಲವರಾದರೆ ಸಾಲದು, ಮಹಾರಾಷ್ಟ್ರದಲ್ಲಿ ಬದುಕುತ್ತಿರುವ ಕನ್ನಡಿಗರೇ ಸರದಿಯಲ್ಲಿರಬೇಕು ಎಂದು ಟ್ರಸ್ಟ್ ಪಟ್ಟು ಹಿಡಿದಿರುವುದು ಸರಿ ಎಂದು ನನ್ನ ಅಭಿಪ್ರಾಯ.

ಕಳೆದ ರಾಜ್ಯೋತ್ಸವದ ಸಮಯದಲ್ಲಿ ನಾನು ದೂರು ಕೊಟ್ಟ ಪೋಸ್ಟುಗಳಲ್ಲಿ ಒಂದು ರೋಮನ್ ಲಿಪಿಯ ಕನ್ನಡದಲ್ಲಿತ್ತು, ನಡುವೆ ಮರಾಠಿಯ ಬೈಗುಳ, ಕೊನೆಯಲ್ಲಿ ತುಳುವಿನಲ್ಲಿ ಒಂದು ಜಾತಿಸೂಚಕ ಕುಹಕ. ಇದನ್ನು ಯಾವ ಯಂತ್ರ ಹಿಡಿದೀತು? ಪದಗಳ ಪಟ್ಟಿಯಿಂದ ಕನ್ನಡವನ್ನು ಜಾಲಾಡುವುದು ಎಷ್ಟು ಕಷ್ಟವೆಂಬುದು ಸ್ವಂತ ಫಿಲ್ಟರ್ ಮಾಡಿಕೊಳ್ಳಲು ಹೊರಟ ಯಾರಿಗೂ ಗೊತ್ತು: ಇಡೀ ಪದ ಹೊಂದಬೇಕೆಂದು ಹೇಳಿದರೆ ವಿಭಕ್ತಿ ಪ್ರತ್ಯಯ ಅಂಟಿದ ರೂಪಗಳೆಲ್ಲ ನುಸುಳಿ ಹೋಗುತ್ತವೆ, ತುಣುಕು ಹೊಂದಿದರೂ ಸಾಕೆಂದರೆ ನಿರಪರಾಧಿ ಪದಗಳು ಸಿಕ್ಕಿಬೀಳುತ್ತವೆ, ಸಂಧಿಯಾದರಂತೂ ಎರಡೂ ಕೆಡುತ್ತವೆ. ಆ ದೂರನ್ನು ನೋಡಿದ ಮಾಡರೇಟರ್ ಮೂಡಬಿದಿರೆ ಮೂಲದ ಮುಂಬಯಿಯವರಿರಬೇಕು. ಕುಹಕವನ್ನು ಬಿಡಿಸಿ ವಿವರಿಸಬೇಕಾದ ಅಗತ್ಯವೇ ಬೀಳಲಿಲ್ಲ. ಸಂಜೆ ಕೊಟ್ಟ ದೂರಿಗೆ ಅದೇ ರಾತ್ರಿ ಕ್ರಮವಾಯಿತು, ಯಾವ ನಿಯಮದ ಉಲ್ಲಂಘನೆ ಎಂಬುದನ್ನು ಕನ್ನಡದಲ್ಲೇ ತಿಳಿಸಿದರು. ಸರ್ವರಿನ ನಿಯಮಗಳ ಅನುವಾದವನ್ನು ತಂತ್ರಾಂಶದೊಳಗೇ ಸೇರಿಸುವ ಸೌಲಭ್ಯ 2025ರ 4.4ನೇ ಆವೃತ್ತಿಯಲ್ಲಿ ಬಂದಿದೆ. ಇವರು ಅದನ್ನು ಕೂಡಲೇ ಬಳಸಿಕೊಂಡಿದ್ದಾರೆ.

ಕ್ರಮಕ್ಕೊಳಗಾದವನಿಗೂ ಇಲ್ಲಿ ನ್ಯಾಯವಿದೆ. ಎಚ್ಚರಿಕೆ ಅಥವಾ ಅಮಾನತು ಪಡೆದವರು ಮೇಲ್ಮನವಿ ಸಲ್ಲಿಸುವ ಅವಕಾಶ ಮಾಸ್ಟೊಡಾನಿನಲ್ಲಿ 2022ರ 3.5ನೇ ಆವೃತ್ತಿಯಿಂದ ಇದೆ. ಈ ಸರ್ವರಿನಲ್ಲಿ ಮೇಲ್ಮನವಿಯನ್ನು ಮೊದಲ ತೀರ್ಮಾನ ಕೊಟ್ಟವರು ನೋಡುವಂತಿಲ್ಲ ಎಂಬುದು ಟ್ರಸ್ಟಿನ ಸ್ವಂತ ಕಟ್ಟಳೆ. ತಂತ್ರಾಂಶ ಅದನ್ನು ಕಡ್ಡಾಯ ಮಾಡುವುದಿಲ್ಲ. ಬ್ಯಾಂಕಿನಲ್ಲಿ ಒಬ್ಬನೇ ಚೆಕ್ ಬರೆದು ಅವನೇ ಪಾಸು ಮಾಡುವಂತಿಲ್ಲವೆಂಬ ಶಿಸ್ತಿಗೆ ಒಗ್ಗಿದ ನನಗೆ ಇದು ಹಿಡಿಸಿತು.

ಮಾಡರೇಟರ್‌ಗಳ ಕೈಯಲ್ಲಿರುವ ಉಪಕರಣಗಳ ಬಗ್ಗೆ ನಾಲ್ಕು ಮಾತು ಬೇಕು, ಏಕೆಂದರೆ ಸದಸ್ಯರು ಬೈಯುವುದು ಮನುಷ್ಯರನ್ನು, ಕೊರತೆ ಇರುವುದು ಎಷ್ಟೋ ಸಲ ಉಪಕರಣದಲ್ಲಿ. ಒಂದು ಖಾತೆಯ ವ್ಯಾಪ್ತಿಯನ್ನು ಸೀಮಿತಗೊಳಿಸಬಹುದು, ಸ್ತಂಭಿಸಬಹುದು, ಅಮಾನತುಗೊಳಿಸಬಹುದು. ಹೊರಗಿನ ಇಡೀ ಸರ್ವರನ್ನೇ ಮಿತಿಗೊಳಪಡಿಸಬಹುದು, ಅದರ ಚಿತ್ರಗಳನ್ನು ಮಾತ್ರ ನಿರಾಕರಿಸಬಹುದು, ಸಂಬಂಧವನ್ನೇ ಕಡಿದುಕೊಳ್ಳಬಹುದು. ನಿರ್ವಾಹಕನ ಪೂರ್ಣ ಅಧಿಕಾರ ಕೊಡದೆ ದೂರುಗಳನ್ನು ನೋಡುವ ಅಧಿಕಾರವನ್ನಷ್ಟೇ ಕೊಡುವ ಪಾತ್ರಗಳನ್ನು 2022ರ 4.0 ಆವೃತ್ತಿಯಿಂದ ರೂಪಿಸಿಕೊಳ್ಳಬಹುದು. ಬೇರೆ ಸರ್ವರಿನವನ ಮೇಲಿನ ದೂರನ್ನು ಆ ಸರ್ವರಿಗೂ ಕಳುಹಿಸಬಹುದು. ದೂರುದಾರನ ಹೆಸರು ಅಲ್ಲಿಗೆ ಹೋಗುವುದಿಲ್ಲ, ಸರ್ವರಿನ ಹೆಸರಿನಲ್ಲಷ್ಟೇ ಹೋಗುತ್ತದೆ. ಹಿಂಬಾಲಿಸಿ ಪೀಡಿಸುವವರಿಂದ ತೊಂದರೆಗೊಳಗಾದ ಹೆಣ್ಣುಮಕ್ಕಳಿಗೆ ಇದು ದೊಡ್ಡ ಸಮಾಧಾನ. ಇಷ್ಟರಮಟ್ಟಿಗೆ ವ್ಯವಸ್ಥೆ ಗಟ್ಟಿಯಾಗಿದೆ.

ಗಟ್ಟಿಯಿಲ್ಲದಿರುವುದು ಚಿತ್ರಗಳ ವಿಷಯದಲ್ಲಿ. ಸದಸ್ಯರು ಹಿಂಬಾಲಿಸುವ ಹೊರಗಿನವರ ಪೋಸ್ಟುಗಳ ಜೊತೆಗೆ ಅವುಗಳ ಚಿತ್ರಗಳ ಪ್ರತಿಯೂ ನಮ್ಮ ಸರ್ವರಿನಲ್ಲಿ ಶೇಖರವಾಗುತ್ತದೆ. ಅಂದರೆ ಎಲ್ಲೋ ಯಾರೋ ಹಾಕಿದ ಘೋರ ಚಿತ್ರದ ಪ್ರತಿ ಮುಂಬಯಿಯ ಒಂದು ಟ್ರಸ್ಟಿನ ಹೆಸರಿನಲ್ಲಿ ಬಾಡಿಗೆಗೆ ಪಡೆದ ಯಂತ್ರದಲ್ಲಿ ಕುಳಿತಿರಬಹುದು. ಸ್ಟ್ಯಾನ್‌ಫರ್ಡ್ ಇಂಟರ್ನೆಟ್ ಅಬ್ಸರ್ವೇಟರಿಯವರು 2023ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ದಿನಗಳ ಅವಧಿಯಲ್ಲಿ ಪರಿಶೀಲಿಸಿದ ಸುಮಾರು 3.25 ಲಕ್ಷ ಮಾಸ್ಟೊಡಾನ್ ಪೋಸ್ಟುಗಳಲ್ಲಿ ಮಕ್ಕಳ ಲೈಂಗಿಕ ಶೋಷಣೆಯವೆಂದು ಈ ಮೊದಲೇ ಗುರುತಾಗಿದ್ದ 112 ಚಿತ್ರಗಳು ಸಿಕ್ಕಿದ್ದವು. ಮೊದಲನೆಯದು ಸಿಕ್ಕಲು ಐದು ನಿಮಿಷ ಸಾಕಾಗಿತ್ತು. ಇಂತಹ ಚಿತ್ರಗಳ ಬೆರಳಚ್ಚಿನಂಥ ಗುರುತನ್ನು ಹೋಲಿಸಿ ಹಿಡಿಯುವ ಫೋಟೋಡಿಎನ್‌ಎ ತಂತ್ರವನ್ನು ಮೈಕ್ರೋಸಾಫ್ಟ್ ಮತ್ತು ಡಾರ್ಟ್‌ಮತ್ ಕಾಲೇಜಿನ ಹ್ಯಾನಿ ಫರೀದ್ 2009ರಲ್ಲೇ ರೂಪಿಸಿದ್ದರು. ದೊಡ್ಡ ಕಂಪನಿಗಳಲ್ಲಿ ಅದು ಮಾಮೂಲು, ಆದರೆ ಮಾಸ್ಟೊಡಾನಿನೊಳಗೆ ಅದು ಅಂತರ್ಗತವಾಗಿಲ್ಲ. ನಮ್ಮ ಕಾನೂನು ಈ ವಿಷಯದಲ್ಲಿ ಚಿಕ್ಕವರು ದೊಡ್ಡವರು ಎಂದು ನೋಡುವುದಿಲ್ಲ: ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಇಂತಹ ಚಿತ್ರಗಳ ಪ್ರಸಾರ ಅಪರಾಧ, ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು.

ಇವರು ಇದಕ್ಕೆ ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಚಿತ್ರಗಳನ್ನು ಕ್ಲೌಡ್‌ಫ್ಲೇರ್ ಮೂಲಕ ಹಾಯಿಸಿ, ಆ ಕಂಪನಿ 2019ರಿಂದ ತನ್ನ ಗ್ರಾಹಕರಿಗೆ ಉಚಿತವಾಗಿ ಕೊಡುತ್ತಿರುವ ಹೋಲಿಕೆಯ ಸಾಧನವನ್ನು ಚಾಲೂ ಇಟ್ಟಿದ್ದಾರೆ. ಹೊರಗಿನ ಚಿತ್ರಗಳ ಪ್ರತಿಗಳು ಕೆಲವೇ ದಿನಗಳಲ್ಲಿ ಅಳಿಸಿಹೋಗುವಂತೆ ಮಾಡಿದ್ದಾರೆ. ದೂರಿನಲ್ಲಿ ಬಂದ ಚಿತ್ರವನ್ನು ಒಬ್ಬರೇ ರಾತ್ರಿ ಹೊತ್ತು ತೆರೆಯಬಾರದು, ಅನುಮಾನ ಬಂದರೆ ತೆರೆಯದೆಯೇ ಕಾನೂನು ಸಲಹೆಗಾರರಿಗೆ ಕರೆ ಮಾಡಬೇಕು, ಅವರ ಮಾರ್ಗದರ್ಶನದಂತೆ ಸರ್ಕಾರದ ಸೈಬರ್ ಅಪರಾಧ ಪೋರ್ಟಲಿನಲ್ಲಿ ವರದಿ ಮಾಡಬೇಕು ಎಂಬ ಲಿಖಿತ ಕ್ರಮವಿದೆ. ನೋಡಬಾರದ್ದನ್ನು ದಿನವೂ ನೋಡುವುದರ ಪರಿಣಾಮ ಕಲ್ಪನೆಯದಲ್ಲ. ತನಗಾಗಿ ದುಡಿದ ಮಾಡರೇಟರ್‌ಗಳ ಮಾನಸಿಕ ಆಘಾತದ ಮೊಕದ್ದಮೆಯಲ್ಲಿ ಫೇಸ್‌ಬುಕ್ 2020ರಲ್ಲಿ 5.2 ಕೋಟಿ ಡಾಲರ್ ಕೊಡಲು ಒಪ್ಪಿತ್ತು. ಅಲ್ಲಿ ಸಂಬಳಕ್ಕಿದ್ದವರಿಗೆ ಆದದ್ದು ಇಲ್ಲಿ ಬರೀ ಗೌರವಧನಕ್ಕೆ ದುಡಿಯುವವರಿಗೆ ಆಗುವುದಿಲ್ಲವೆಂದು ಯಾರು ಹೇಳಿಯಾರು? ಖರ್ಚಿನ ಪಟ್ಟಿಯಲ್ಲಿ ಆಪ್ತಸಮಾಲೋಚನೆಯ ಸಾಲನ್ನು ನೋಡಿ ಹುಬ್ಬೇರಿಸಿದ ಸದಸ್ಯರೊಬ್ಬರಿಗೆ ಸಭೆಯಲ್ಲಿ ಸಿಕ್ಕ ಉತ್ತರ ಇದೇ ಆಗಿತ್ತು.

2024ರ ಫೆಬ್ರವರಿಯಲ್ಲಿ ಜಾಲದ ತುಂಬ ಸ್ಪ್ಯಾಮ್ ಪ್ರವಾಹ ಬಂದಾಗ ಬಲಿಯಾದದ್ದು ನೋಂದಣಿಯನ್ನು ತೆರೆದಿಟ್ಟು ಮರೆತಿದ್ದ, ನೋಡಿಕೊಳ್ಳುವವರಿಲ್ಲದ ಸಣ್ಣ ಸರ್ವರುಗಳು. ಅವುಗಳಲ್ಲಿ ಖಾತೆ ತೆರೆದು ಅಲ್ಲಿಂದ ಎಲ್ಲರ ಮೇಲೆ ಕಸ ಎರಚಿದರು. ಅದರ ಬೆನ್ನಿಗೇ ಬಂದ ಪರಿಷ್ಕರಣೆಯಲ್ಲಿ, ಮಾಡರೇಟರ್ ಯಾರೂ ಇತ್ತ ತಲೆ ಹಾಕದ ಸರ್ವರಿನಲ್ಲಿ ಮುಕ್ತ ನೋಂದಣಿ ತಾನಾಗಿ ಅನುಮತಿ ಆಧಾರಿತವಾಗುವಂತೆ ಮಾಸ್ಟೊಡಾನ್ ಬದಲಾಯಿಸಿತು. ನಮ್ಮ ಸರ್ವರಿನಲ್ಲಿ ನೋಂದಣಿ ಮೊದಲಿನಿಂದಲೂ ಅನುಮತಿಯ ಮೇಲೆಯೇ. ಸೇರುವಾಗ ಎರಡು ಸಾಲು ಕನ್ನಡದಲ್ಲಿ ಬರೆದುಕೊಡಬೇಕು; ಅಷ್ಟಕ್ಕೇ ಬಾಟ್‌ಗಳ ದಂಡು ಬಾಗಿಲಲ್ಲೇ ಉಳಿಯುತ್ತದೆಯಂತೆ.

ಉಚಿತ ಪರ್ಯಾಯಗಳಿರುವಾಗ ದುಡ್ಡು ಕೊಡುವುದೇಕೆಂದು ಕೇಳುವವರಿದ್ದಾರೆ. ಅವರಲ್ಲಿ ಹೆಚ್ಚಿನವರು ತೋರಿಸುವುದು ಟ್ವಿಟರಿನಂಥದೇ ಆದ ಬ್ಲೂಸ್ಕೈ ಎಂಬ ಜಾಲತಾಣವನ್ನು. ಅದರ ಯೋಚನೆ ಜಾಣತನದ್ದು: ಕಂಪನಿಯ ಮೂಲ ಮೇಲ್ವಿಚಾರಣೆಯ ಮೇಲೆ ಬೇರೆಯವರು ತಮ್ಮದೇ ಲೇಬಲ್ ಸೇವೆಗಳನ್ನು ನಡೆಸಬಹುದು, ಬಳಕೆದಾರ ತನಗೆ ಬೇಕಾದವನ್ನು ಆಯ್ದುಕೊಂಡು ಆ ಲೇಬಲ್ ಬಿದ್ದ ಪೋಸ್ಟುಗಳನ್ನು ಮರೆಮಾಡಬಹುದು. ಅದಕ್ಕೆ ಬೇಕಾದ ಓಝೋನ್ ಎಂಬ ತಂತ್ರಾಂಶವನ್ನು 2024ರ ಮಾರ್ಚಿನಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದರು. ಸರ್ವರ್ ನಡೆಸುವ ತಲೆನೋವಿಲ್ಲದೆ ಮುಂಬಯಿ ಕನ್ನಡಿಗರೂ ಒಂದು ಲೇಬಲ್ ಸೇವೆ ತೆರೆಯಬಹುದು. ಆದರೆ ಲೇಬಲ್ ಅಂಟಿಸುವವರು ಯಾರು, ಅವರಿಗೆ ಕೊಡುವವರು ಯಾರು ಎಂಬ ಪ್ರಶ್ನೆ ಅಲ್ಲೂ ಹಾಗೆಯೇ ನಿಂತಿರುತ್ತದೆ. ಬ್ಲೂಸ್ಕೈಯ ಜಾಲದಲ್ಲೇ ಕರಿಯರ ಸಮುದಾಯಕ್ಕಾಗಿ ಬ್ಲ್ಯಾಕ್‌ಸ್ಕೈ ಎಂಬ ಸೇವೆ ನಡೆಸುತ್ತಿರುವ ರೂಡಿ ಫ್ರೇಜರ್ ಅವರ ತಂಡ ಅದಕ್ಕೆ ಸಮುದಾಯದ ದೇಣಿಗೆಯಲ್ಲೇ ಉತ್ತರ ಹುಡುಕಬೇಕಾಯಿತು. ಸ್ವತಃ ಬ್ಲೂಸ್ಕೈ 2024ರ ಅಕ್ಟೋಬರಿನಲ್ಲಿ 1.5 ಕೋಟಿ ಡಾಲರ್ ಬಂಡವಾಳ ಎತ್ತಿದ ಕಂಪನಿ, ಮಾಡರೇಟರ್‌ಗಳ ಸಂಖ್ಯೆಯನ್ನು ಸುಮಾರು ನೂರಕ್ಕೆ ಏರಿಸಿತು. ಆದರೂ ಆ ವರ್ಷ ಅದಕ್ಕೆ ಬಂದ ದೂರುಗಳು 64.8 ಲಕ್ಷ, ಹಿಂದಿನ ವರ್ಷ 3.58 ಲಕ್ಷವಿದ್ದದ್ದು. ಇಷ್ಟರ ನಡುವೆ ತುಳುವಿನ ಕುಹಕಕ್ಕೆ ಸಮಯವೆಲ್ಲಿಂದ ಬರಬೇಕು?

ಇನ್ನೊಂದು ದಾರಿಯೆಂದರೆ ಮಾಸ್ಟೊಡಾನ್ ಸಂಸ್ಥೆಯಿಂದಲೇ ಕೊಳ್ಳುವುದು. 2025ರ ಸೆಪ್ಟೆಂಬರಿನಲ್ಲಿ ಅದು ಹೋಸ್ಟಿಂಗ್, ಮೇಲ್ವಿಚಾರಣೆ ಮತ್ತು ತಾಂತ್ರಿಕ ನೆರವನ್ನು ಸಂಸ್ಥೆಗಳಿಗೆ ಶುಲ್ಕಕ್ಕೆ ಕೊಡುವುದಾಗಿ ಪ್ರಕಟಿಸಿತು. ಐರೋಪ್ಯ ಆಯೋಗದಂಥ ಗ್ರಾಹಕರು ಅದರಲ್ಲಿದ್ದಾರೆ. ಮೇಲ್ವಿಚಾರಣೆಗೂ ಬೆಲೆಯಿದೆ ಎಂದು ಆ ಸಂಸ್ಥೆಯೇ ಒಪ್ಪಿದಂತಾಯಿತು. ನಮ್ಮಂಥವರ ಜೇಬಿಗೆ ಅದು ಹೇಳಿಸಿದ್ದಲ್ಲ.

ಈಗ ನನ್ನ ತಕರಾರುಗಳು. ಸರದಿಯಲ್ಲಿ ಹೆಣ್ಣುಮಕ್ಕಳು ತೀರ ಕಡಿಮೆ. ಖಾಸಗಿ ಸಂದೇಶದಲ್ಲಿ ಬಂದ ಅಸಭ್ಯ ಮಾತಿನ ಬಗ್ಗೆ ದೂರು ಕೊಡಬೇಕಾದ ಹುಡುಗಿ, ಅದನ್ನು ಓದುವವರು ತನ್ನ ತಂದೆಯ ಪರಿಚಯದ ಗಂಡಸರಿರಬಹುದೆಂದು ಹಿಂಜರಿಯುವುದು ಸಹಜ. ಮುಂಬಯಿ ಎಷ್ಟೇ ದೊಡ್ಡದಾದರೂ ಮುಂಬಯಿಯ ಕನ್ನಡ ಲೋಕ ಚಿಕ್ಕದು. ಮಾಸ್ಟೊಡಾನಿನ ಖಾಸಗಿ ಸಂದೇಶಗಳಿಗೆ ತುದಿಯಿಂದ ತುದಿಗೆ ಗೂಢಲಿಪಿಯ ರಕ್ಷಣೆಯೂ ಇಲ್ಲ ಎಂಬುದನ್ನು ಸದಸ್ಯರಿಗೆ ಇನ್ನೂ ದಪ್ಪ ಅಕ್ಷರದಲ್ಲಿ ಹೇಳಬೇಕು. ಮಹಿಳಾ ಮಾಡರೇಟರ್‌ಗಳನ್ನು ಹುಡುಕುತ್ತಿದ್ದೇವೆ ಎಂಬ ಉತ್ತರ ಪ್ರತಿ ಸಭೆಯಲ್ಲೂ ಸಿಗುತ್ತದೆ. ರಾತ್ರಿ ಸರದಿಯ ಭತ್ಯೆಯನ್ನು ಏರಿಸುವ ಬದಲು ಹಗಲು ಸರದಿಯನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆದರೆ ಮನೆಯಲ್ಲಿರುವ ಹೆಂಗಸರು ಸೇರಿಯಾರು ಎಂಬ ನನ್ನ ಸಲಹೆ ಟಿಪ್ಪಣಿಯಲ್ಲಿ ದಾಖಲಾಗಿದೆ, ಅಷ್ಟೇ.

ಎರಡನೆಯದು, ಹೊರಗಿನ ಸರ್ವರನ್ನು ಕಡಿದುಹಾಕುವಾಗ ಇವರು ಕಾರಣ ಹೇಳುವುದರಲ್ಲಿ ಜಿಪುಣರು. ಒಂದು ಸರ್ವರಿನೊಂದಿಗೆ ಸಂಬಂಧ ಕಡಿದಾಗ ಅಲ್ಲಿದ್ದವರೊಂದಿಗಿನ ಹಿಂಬಾಲನೆಗಳೂ ಕಡಿದುಹೋದವು. 4.3ನೇ ಆವೃತ್ತಿಯಿಂದ ಇಂತಹ ಕಡಿತದ ಸೂಚನೆ ಸದಸ್ಯನಿಗೆ ತಾನಾಗಿ ಬರುತ್ತದೆ, ನನಗೂ ಬಂತು. ಏಕೆಂಬ ವಿವರಣೆ ಮಾತ್ರ ಕೇಳಿದ ಮೇಲೆ, ಅದೂ ತಡವಾಗಿ ಬಂತು. ಕಾರಣ ಸಮರ್ಪಕವಾಗಿಯೇ ಇತ್ತು: ಅಲ್ಲಿಂದ ಬಂದ ಕಿರುಕುಳದ ಬಗ್ಗೆ ಕಳುಹಿಸಿದ ದೂರುಗಳಿಗೆ ಆ ಕಡೆ ಯಾರೂ ಉತ್ತರಿಸುತ್ತಿರಲಿಲ್ಲ. ಅದನ್ನು ಮೊದಲೇ ಎರಡು ಸಾಲಿನಲ್ಲಿ ಹಾಕಿದ್ದರೆ ಸದಸ್ಯರ ಗೊಣಗಾಟ ಅರ್ಧ ಇಳಿಯುತ್ತಿತ್ತು.

ಹಣ ಕಟ್ಟುವ ವಿಧಾನದಲ್ಲೂ ತೊಡಕಿದೆ. ಮೊದಲು ಹೋಸ್ಟಿಂಗ್ ಕೊಟ್ಟಿದ್ದ ಹೊರದೇಶದ ಕಂಪನಿಗೆ ಟ್ರಸ್ಟಿನ ಕಾರ್ಡಿನಿಂದ ತಿಂಗಳ ಹಣ ತಾನಾಗಿ ಹೋಗುತ್ತಿರಲಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಬಿಗಿಯಾದ ಮೇಲೆ ಎಷ್ಟೋ ವಿದೇಶಿ ಚಂದಾಗಳಿಗೆ ಇದೇ ಗತಿಯಾಯಿತು. ಈಗ ಯಂತ್ರ ಭಾರತದಲ್ಲೇ ಇದೆ, ಸದಸ್ಯರಿಂದ ವಸೂಲಿ ಯುಪಿಐ ಆಟೋಪೇ ಮೂಲಕ. ಕೊಲ್ಲಿ ದೇಶಗಳಲ್ಲಿರುವ, ಭಾರತೀಯ ಪಾಸ್‌ಪೋರ್ಟ್ ಹೊಂದಿರುವ ನೆಂಟರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ದೇಣಿಗೆ ಕಳುಹಿಸಬಹುದು. ಅಮೆರಿಕದ ಪೌರತ್ವ ಪಡೆದ ಮಗಳು ಕಳುಹಿಸಿದರೆ ಅದು ವಿದೇಶಿ ದೇಣಿಗೆಯಾಗುತ್ತದೆ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿಯಿಲ್ಲದೆ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ. ವಿದೇಶದ ದತ್ತಿಸಂಸ್ಥೆಗಳು ವಿಕೇಂದ್ರೀಕೃತ ಜಾಲಗಳ ಸುರಕ್ಷತೆಗೆ ಕೊಡಬಹುದಾದ ಅನುದಾನ ನಮ್ಮಂಥವರಿಗೆ ಎಟುಕದಿರಲು ಇದೂ ಒಂದು ಕಾರಣ. ಊರಿನ ಹಣದಲ್ಲೇ ಊರಿನ ಕಾವಲು ನಡೆಯಬೇಕು.

ಕನ್ನಡದಲ್ಲೇ ಮೊದಲು ಶುರುವಾಗಿ ದೊಡ್ಡ ಬಂಡವಾಳದೊಂದಿಗೆ ಬೆಳೆದ ‘ಕೂ’ ಎಂಬ ಸಾಮಾಜಿಕ ಜಾಲತಾಣ 2024ರ ಜುಲೈನಲ್ಲಿ ಬಾಗಿಲು ಹಾಕಿದ್ದನ್ನು ಕಂಡವರು ಈ ಪುಟ್ಟ ಟ್ರಸ್ಟ್ ಎಷ್ಟು ದಿನ ಎಂದು ಕೇಳಬಹುದು. ಮುಚ್ಚುವುದಾದರೆ ಕನಿಷ್ಠ ಮೂರು ತಿಂಗಳ ಮುನ್ಸೂಚನೆ, ದಿನವೂ ಬ್ಯಾಕಪ್, ತುರ್ತಿನಲ್ಲಿ ಯಂತ್ರದ ಕೀಲಿ ಇನ್ನೊಬ್ಬರ ಬಳಿಯೂ ಇರುವುದು: ತನ್ನ ಅಧಿಕೃತ ಪಟ್ಟಿಗೆ ಸೇರುವ ಸರ್ವರುಗಳಿಂದ ಮಾಸ್ಟೊಡಾನ್ ಕೇಳುವ ಈ ಮೂರು ಮಾತುಗಳನ್ನೂ, ಸಕ್ರಿಯ ಮೇಲ್ವಿಚಾರಣೆಯ ವಾಗ್ದಾನವನ್ನೂ ಇವರು ಟ್ರಸ್ಟಿನ ನಿಬಂಧನೆಯಲ್ಲೇ ಬರೆದಿಟ್ಟಿದ್ದಾರೆ, ಆರು ತಿಂಗಳ ಖರ್ಚಿನಷ್ಟು ಹಣವನ್ನು ಠೇವಣಿಯಲ್ಲಿಟ್ಟಿದ್ದಾರೆ. ಸದಸ್ಯ ಬೇರೆ ಸರ್ವರಿಗೆ ಹೋದರೆ ಹಿಂಬಾಲಕರು ಜೊತೆಗೆ ಬರುತ್ತಾರೆ. ಹಳೆಯ ಪೋಸ್ಟುಗಳು ಬರುವುದಿಲ್ಲ, ಅವುಗಳ ಪ್ರತಿ ಇಳಿಸಿಕೊಂಡು ಇಟ್ಟುಕೊಳ್ಳಬಹುದಷ್ಟೇ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಸರದಿಯಲ್ಲಿ ಕಾಣದ ಹೆಣ್ಣುಮಕ್ಕಳ ಲೆಕ್ಕಕ್ಕೆ. ಸಾವಿರಾರು ಹಿಂಬಾಲಕರನ್ನು ಬಯಸುವವರಿಗೆ, ಸಿನಿಮಾ ಸುದ್ದಿಯ ಗದ್ದಲ ಬೇಕೆನ್ನುವವರಿಗೆ ಇಲ್ಲಿ ಬೇಸರವಾದೀತು. ಪಿಂಪ್ರಿ-ಚಿಂಚ್‌ವಡ್‌ನ ಕಾರ್ಖಾನೆಯವರು, ಮಾಟುಂಗದ ಸಂಘಗಳ ಕಾರ್ಯಕ್ರಮದ ಸುದ್ದಿ ಬೇಕಾದವರು, ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಬರೆಯುವಾಗ ಕನ್ನಡ ಎಂಬಂತೆ ಬದುಕುವವರು ಬಂದರೆ ಮಾತಿಗೆ ಜನ ಸಿಗುತ್ತಾರೆ. ಸದ್ಯ ಹೊಸ ಸದಸ್ಯತ್ವದ ಅರ್ಜಿಗಳನ್ನು ಇನ್ನಿಬ್ಬರು ಮಾಡರೇಟರ್‌ಗಳು ಸಿಗುವವರೆಗೆ ತಡೆಹಿಡಿದಿದ್ದಾರೆ, ಹಳೆಯ ಸದಸ್ಯರ ಶಿಫಾರಸಿನ ಮೇಲೆ ಮಾತ್ರ ಒಂದೊಂದನ್ನು ತೆಗೆದುಕೊಳ್ಳುತ್ತಿದ್ದಾರೆ. ಮುಂದಿನ ವರ್ಷದಿಂದ ಚಂದಾ 1,500 ರೂಪಾಯಿ ಆಗಲಿದೆ, ಏರಿಕೆಯ 300 ರೂಪಾಯಿ ಪೂರ್ತಿ ಮೇಲ್ವಿಚಾರಣೆಯ ಬಾಬ್ತಿಗೆ ಎಂದು ಸುತ್ತೋಲೆಯಲ್ಲಿದೆ. ನಾನು ನವೀಕರಣಕ್ಕೆ ಆಟೋಪೇ ಒಪ್ಪಿಗೆ ಕೊಟ್ಟಿದ್ದೇನೆ.